ಖಾಲಿ ಫಾರಮ್ಮಿನ ಕೆಳಗೊಂದು ಸಹಿ

ಈ ಪ್ರವಚನದಲ್ಲಿ ಮೂರು ದಿನದಿಂದ ಒಂದೇ ಮಾತು ಹೇಳ್ತಾ ಇದ್ದೀನಿ. ‘ನಾನು’ ಅನ್ನೋದನ್ನ ಬಿಡಿ, ‘ನನ್ನದು’ ಅನ್ನೋದನ್ನ ಬಿಡಿ. ನೀವೂ ಚೆನ್ನಾಗಿ ತಲೆ ಆಡಿಸಿದ್ರಿ. ಇವತ್ತು ಉಲ್ಟಾ ಹೇಳ್ತೀನಿ, ಗಾಬರಿ ಆಗಬೇಡಿ. ಬದುಕಲ್ಲಿ ‘ನಾನು, ನಾನೇ’ ಅಂತ ಗಟ್ಟಿಯಾಗಿ ಹೇಳಲೇಬೇಕಾದ ಜಾಗಗಳೂ ಇವೆ. ಸನ್ಮಾನದ ವೇದಿಕೆ ಮೇಲೆ ‘ನಾನು’ ಬಿಡದವರು ಆ ಜಾಗಕ್ಕೆ ಬಂದಾಗ ಮಾತ್ರ ಭಾರಿ ವೈರಾಗ್ಯ ತೋರಿಸ್ತಾರೆ. ಅದಕ್ಕೊಂದು ದೃಷ್ಟಾಂತ ಹೇಳ್ತೀನಿ. ಹಿಂದಿನ ಸಾಲಿನವರು ಮೊಬೈಲು ಒಳಗಿಟ್ಟರೆ ಶುರು ಮಾಡೋಣ.

ಒಂದು ಊರು ಅಂತ ಇಟ್ಕೊಳ್ಳಿ. ಆ ಊರಲ್ಲೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೆಸರು ಹೇಳಿದ್ರೆ ನೀವೆಲ್ಲ ‘ಓ, ಅವನಾ!’ ಅಂತ ಹಾಯಾಗಿ ಕೂತುಬಿಡ್ತೀರಿ. ಎಪ್ಪತ್ತು ದಾಟಿದ ಮನುಷ್ಯ. ಎರಡು ಪೆಟ್ರೋಲ್ ಬಂಕು, ಒಂದು ಕಲ್ಯಾಣ ಮಂಟಪ, ಊರ ತುಂಬ ಗೌರವ. ಅವನಿಗೊಂದು ಹುಚ್ಚು ಹಿಡೀತು. ಯಾವ ಹುಚ್ಚು? ಹಳೇ ಕಾರಿನ ಹುಚ್ಚು.

ಗುಜರಿಯವನೊಬ್ಬನ ಹತ್ತಿರ ಒಂದು ಅಸ್ಥಿಪಂಜರ ಸಿಕ್ತು. ಸ್ವಾತಂತ್ರ್ಯಕ್ಕೂ ಹಿಂದಿನ ಕಾರು. ಮೇಲ್ಗಡೆ ಚಾವಣಿ ಇಲ್ಲ, ಒಂದು ಬಾಗಿಲಿಲ್ಲ, ಸೀಟಿನಲ್ಲಿ ಹೆಗ್ಗಣ ಮರಿ ಹಾಕಿತ್ತು. ತಂದ. ಮೂರು ವರ್ಷ ಕೂತು ರಿಪೇರಿ ಮಾಡಿಸಿದ. ಹಸಿರು ಬಣ್ಣ ಹೊಡೆಸಿದ, ಚರ್ಮದ ಸೀಟು ಹೊಲಿಸಿದ, ದೀಪದ ಬಟ್ಟಲುಗಳನ್ನ ಪಳಪಳ ಹೊಳೆಯೋ ಹಾಗೆ ಉಜ್ಜಿಸಿದ. ಮನೆ ದೇವರಿಗೆ ಅಷ್ಟು ಶ್ರದ್ಧೆಯಿಂದ ಅಭಿಷೇಕ ಮಾಡಿದ್ನೋ ಇಲ್ವೋ, ನನಗೆ ಗೊತ್ತಿಲ್ಲ. ದೊಡ್ಡ ಪಟ್ಟಣದಲ್ಲಿ ಹಳೇ ಕಾರುಗಳ ಪ್ರದರ್ಶನ ಇತ್ತು. ಅದರಲ್ಲಿ ಮೊದಲನೇ ಬಹುಮಾನ ಬರಬೇಕು ಅಂತ ಅವನಾಸೆ.

ಆದರೆ ನೋಡಿ, ಅಲ್ಲೊಂದು ನಿಯಮ. ಕಾರು ಹೊಳೆದರೆ ಸಾಲದು. ಕಾರ್ಖಾನೆಯಿಂದ ಹೊರಗೆ ಬಂದ ದಿನದಿಂದ ಇವತ್ತಿನ ತನಕ ಯಾರ್ಯಾರ ಹತ್ತಿರ ಇತ್ತು, ಎಷ್ಟು ಕಾಲ ಇತ್ತು ಅಂತ ಪೂರ್ತಿ ಚರಿತ್ರೆ ಬರೆದು ಕಾರಿನ ಪಕ್ಕ ಬೋರ್ಡು ನಿಲ್ಲಿಸಬೇಕು. ಎಲ್ಲಾದರೂ ಒಂದು ಕೊಂಡಿ ತಪ್ಪಿದ್ರೆ ಅಂಕ ಕಡಿಮೆ. ನಮ್ಮ ಶ್ರೀಮಂತ ಏನು ಮಾಡಿದ? ಸಾರಿಗೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದ ಒಬ್ಬ ಗುಮಾಸ್ತನನ್ನ ಹಿಡಿದ. ‘ರೀ, ಇದರ ಹುಟ್ಟು ಜಾತಕ ತೆಗೆದುಕೊಡಿ’ ಅಂದ.

ಗುಮಾಸ್ತ ಏನು ಮಾಡಿದ ಗೊತ್ತಾ? ಕಾರಿನ ಕೆಳಗೆ ಅಂಗಾತ ಮಲಗಿದ. ಚಾಸಿ ಇರುತ್ತಲ್ಲ, ಕಾರಿನ ಬೆನ್ನೆಲುಬು, ಅದರ ಮೇಲೊಂದು ನಂಬರು ಹೊಡೆದಿರ್ತಾರೆ. ಅದರ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ನಂಬರು ಮೂಡಿಬಂತು. ಬಣ್ಣ ಬದಲಾಗಬಹುದು, ಸೀಟು ಬದಲಾಗಬಹುದು, ಮುಂದಿನ ನಂಬರ್ ಪ್ಲೇಟೂ ಬದಲಾಗಬಹುದು. ಕಬ್ಬಿಣಕ್ಕೆ ಹೊಡೆದ ನಂಬರು ಬದಲಾಗಲ್ಲ. ಆ ಕಾಗದ ಜೇಬಲ್ಲಿಟ್ಟುಕೊಂಡು ನಾಲ್ಕು ತಿಂಗಳು ಅಲೆದ. ಹಳೇ ರಿಜಿಸ್ಟರುಗಳ ಧೂಳು ಕುಡಿದು ಕೆಮ್ಮು ಬಂತು ಪಾಪ.

ಮೊದಲನೇ ಮಾಲೀಕ ಒಬ್ಬ ಇಂಜಿನಿಯರು, ಅಣೆಕಟ್ಟು ಕಟ್ಟಿಸಿದವನು. ಆಮೇಲೆ ಒಂದು ನಾಟಕ ಕಂಪನಿಯ ಮಾಲೀಕ. ಬೀದಿ ಬೀದಿಯಲ್ಲಿ ಕರಪತ್ರ ಎಸೀತಾ ಹೋಗೋಕೆ ಈ ಕಾರು ಇಟ್ಟಿದ್ದ. ಕಂಪನಿ ಮುಳುಗಿತು, ಕಾರು ಒಬ್ಬ ಡಾಕ್ಟರ ಕೈಗೆ ಬಂತು. ಡಾಕ್ಟರಿಗೆ ಮಕ್ಕಳಿಲ್ಲ. ಸಾಯೋವಾಗ ತನ್ನ ಕಾಂಪೌಂಡರ್ ಹೆಸರಿಗೆ ಕಾರು ಬರೆದಿಟ್ಟು ಹೋದರು.

ಈ ಕಥೆಯಲ್ಲಿ ಒಬ್ಬರ ಹೆಸರು ಮಾತ್ರ ಹೇಳ್ತೀನಿ. ಕಾಂಪೌಂಡರ್ ಗುರುಶಾಂತಯ್ಯ. ಗುರುಶಾಂತಯ್ಯ ಅನ್ನೋ ಹೆಸರು ರಿಜಿಸ್ಟರಿನಲ್ಲಿ ನಾಲ್ಕನೆಯದು. ಅಲ್ಲಿಂದ ಮುಂದೆ? ಪೊಲೀಸ್ ಠಾಣೆಯ ಅಂಗಳ, ಹತ್ತೊಂಬತ್ತು ವರ್ಷ. ಆಮೇಲೆ ಹರಾಜು, ಗುಜರಿ, ಕೊನೆಗೆ ನಮ್ಮ ಶ್ರೀಮಂತ.

ಶ್ರೀಮಂತನಿಗೆ ಖುಷಿ. ‘ಮುಗೀತಲ್ಲ! ಕೊಂಡಿ ಕೂಡಿತಲ್ಲ!’ ಅಂದ. ಗುಮಾಸ್ತ ತಲೆ ಅಲ್ಲಾಡಿಸಿದ. ‘ಇಲ್ಲ ಯಜಮಾನ್ರೇ. ಕಾರು ಠಾಣೆಗೆ ಹೋಗಿದ್ದು ಅಪಘಾತ ಆಗಿ. ಆದ್ರೆ ಅವತ್ತು ಅದು ಕಾಂಪೌಂಡರ್ ಕೈಲಿರಲಿಲ್ಲ ಅಂತ ಅವರ ಮಗಳು ಹೇಳ್ತಾರೆ. ಹತ್ತು ದಿನದ ಹಿಂದೆಯೇ ಮಾರಿದ್ರಂತೆ. ಕೊಂಡವನ ಹೆಸರು ಎಲ್ಲೂ ಇಲ್ಲ.’

ಈಗ ಆ ಮಗಳು ಗುಮಾಸ್ತನಿಗೆ ಹೇಳಿದ್ದನ್ನ ಕೇಳಿ. ಅವರಿಗೀಗ ಅರವತ್ತರ ಹತ್ತಿರ. ರವಿಕೆ ಹೊಲಿದು ಬದುಕ್ತಾರೆ. ಆಗ ಹನ್ನೆರಡು ವರ್ಷ.

‘ಸರ್, ಪೆಟ್ರೋಲ್ ಹಾಕ್ಸೋ ಶಕ್ತಿ ನಮ್ಮಪ್ಪನಿಗಿರಲಿಲ್ಲ. ಡಾಕ್ಟರು ಕೊಟ್ಟಿದ್ದು ಅಂತ ಭಾನುವಾರ ಒರೆಸಿಡೋರು ಅಷ್ಟೇ. ಒಂದಿನ ಬಿಳಿ ಅಂಗಿ ಹಾಕ್ಕೊಂಡು ಒಬ್ಬ ಹುಡುಗ ಬಂದ. ಬಸ್ ಸ್ಟ್ಯಾಂಡ್ ಹಿಂದೆ, ಟೈರ್ ಅಂಗಡಿ ಪಕ್ಕದ ಶೆಡ್ಡಿನಲ್ಲಿ ಗಾಡಿ ವ್ಯಾಪಾರ ಮಾಡ್ತಿದ್ನಂತೆ. ಎಷ್ಟು ಮರ್ಯಾದೆ ಅಂತೀರಿ! ಅಪ್ಪನ ಕಾಲಿಗೆ ಬಿದ್ದ. ಇಲ್ಲೊಂದು ಸಹಿ ಹಾಕಿ ಅಣ್ಣಾ, ಹೆಸರು, ತಾರೀಕು ಎಲ್ಲ ನಾನೇ ತುಂಬ್ಕೋತೀನಿ, ಆಫೀಸಿಗೆ ಓಡಾಡೋ ಕಷ್ಟ ನಿಮಗ್ಯಾಕೆ ಅಂದ. ಅಪ್ಪ ಹಾಕಿದ್ರು.’

ಗೊತ್ತಾಯ್ತಾ? ಖಾಲಿ ಫಾರಂ. ಮಾರೋನ ಸಹಿ ಮಾತ್ರ ಇರುತ್ತೆ, ಕೊಳ್ಳೋನ ಜಾಗ ಖಾಲಿ. ಬ್ರೋಕರುಗಳಿಗೆ ಅದೇ ಅನುಕೂಲ. ತನ್ನ ಹೆಸರಿಗೆ ಮಾಡಿಸ್ಕೊಳ್ಳೋದು ಬೇಡ, ಅದೇ ಫಾರಮ್ಮು ಮುಂದಿನವನಿಗೆ ದಾಟಿಸಿದ್ರಾಯ್ತು, ಅವನು ಅವನ ಮುಂದಿನವನಿಗೆ. ನಿಮ್ಮಲ್ಲಿ ಎಷ್ಟು ಜನ ಸ್ಕೂಟರು ಹೀಗೇ ಮಾರಿಲ್ಲ? ಎಷ್ಟು ಜನ ಹೀಗೇ ಕೊಂಡಿಲ್ಲ? ಕೈ ಎತ್ತಿ ಅಂತ ಹೇಳಲ್ಲ. ಎತ್ತೋಕೆ ಶುರು ಮಾಡಿದ್ರೆ ಚಪ್ಪರವೇ ಮೇಲೇಳುತ್ತೆ.

ಮೂರನೇ ದಿನ ಕಾರು ಇನ್ನೊಬ್ಬನ ಕೈಗೆ ಹೋಯ್ತು. ಅವನಿಂದ ಮತ್ತೊಬ್ಬನಿಗೆ. ಹತ್ತನೇ ದಿನ, ಬೆಳಗಿನ ಜಾವ, ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಹಾಲು ಹಾಕೋಕೆ ಬರ್ತಿದ್ದ ಒಬ್ಬ ಬಡವನಿಗೆ ಆ ಕಾರು ಗುದ್ದಿತು. ಓಡಿಸ್ತಿದ್ದವನು ಕಾರು ಅಲ್ಲೇ ಬಿಟ್ಟು ಓಡಿಹೋದ. ರಸ್ತೆ ತುಂಬ ಹಾಲಂತೆ, ಹಾಲಿನೊಳಗೆ ರಕ್ತ. ಪೊಲೀಸರು ಏನು ಮಾಡ್ತಾರೆ? ನಂಬರ್ ನೋಡ್ತಾರೆ. ನಂಬರು ಯಾರ ಮನೆ ಬಾಗಿಲಿಗೆ ಕರ್ಕೊಂಡು ಹೋಯ್ತು? ಗುರುಶಾಂತಯ್ಯನ ಬಾಗಿಲಿಗೆ.

‘ನಾನು ಮಾರಿದೀನಿ ಸ್ವಾಮಿ.’

‘ಯಾರಿಗೆ?’

‘ಹೆಸರು ಗೊತ್ತಿಲ್ಲ. ಒಳ್ಳೇ ಹುಡುಗ. ಕಾಲಿಗೆ ಬಿದ್ದಿದ್ದ.’

ಹೇಳಿ, ಇದು ನಿಲ್ಲುತ್ತಾ ಕೋರ್ಟಿನಲ್ಲಿ? ಒಬ್ಬ ಪೇದೆಯ ಜೊತೆ ಕಾಂಪೌಂಡರ್ ಆ ಶೆಡ್ಡಿನ ಹತ್ತಿರ ಹೋದರು. ಬಾಗಿಲು ಹಾಕಿತ್ತು. ಪಕ್ಕದ ಟೈರ್ ಅಂಗಡಿಯವನು, ‘ಅಂಥೋರು ಇಲ್ಲಿ ಯಾರೂ ಇಲ್ಲ’ ಅಂದ. ಗುರುಶಾಂತಯ್ಯ ಬಿಸಿಲಲ್ಲಿ ಎರಡು ಗಂಟೆ ನಿಂತಿದ್ರು. ಬರೋರನ್ನ ಹೋಗೋರನ್ನ ಕೇಳ್ತಿದ್ರಂತೆ, ‘ಬಿಳಿ ಅಂಗಿ ಹಾಕ್ಕೊಂಡ ಹುಡುಗ, ನೋಡಿದೀರಾ?’ ಅಂತ. ಕೊನೆಗೆ ಪೇದೆ ಬೇಜಾರಾಗಿ ಕೈ ಹಿಡಿದು ಕರ್ಕೊಂಡು ಹೋದ.

ಕಾರು ನಿನ್ನದು, ಓಡಿಸಿದ್ದೂ ನೀನೇ ಅಂತ ತೀರ್ಪಾಯ್ತು. ಒಂದೂವರೆ ವರ್ಷ ಜೈಲು. ಹೊರಗೆ ಬಂದಾಗ ಅವರ ಕೈಯಿಂದ ಔಷಧಿ ತಗೊಳ್ಳೋರು ಯಾರೂ ಇಲ್ಲ. ‘ಕೊಂದ ಕೈ’ ಅಂದ್ರು ಜನ. ಜನ ಅಂದ್ರೆ ಯಾರು? ಜ್ವರ ಬಂದಾಗ ಆ ಕೈಯಿಂದಲೇ ಮಿಕ್ಸ್ಚರ್ ಕುಡಿದಿದ್ದವರು. ಮನೆ ಹೋಯ್ತು. ಮಗಳು ದೊಡ್ಡವಳಾದ ಮೇಲೆ ಕೂಡಿಬಂದ ಎರಡು ಸಂಬಂಧಗಳೂ ತಪ್ಪಿದವು. ಬಾಡಿಗೆ ಮನೆಯ ಅಂಗಳದಲ್ಲಿ ಕಾಲ ಕಳೆದು ಕಳೆದು ಆ ಮನುಷ್ಯ ಮಾತು ಬಿಟ್ಟು ಸತ್ತ. ಇನ್ನೂ ಇದೆ, ಕೇಳಿ. ಹಾಲಿನವನ ಹೆಂಡತಿ ಪ್ರತಿ ವರ್ಷ ಗಂಡ ಸತ್ತ ದಿನ ಕಾಂಪೌಂಡರ್ ಮನೆ ಮುಂದೆ ಬಂದು, ಬಗ್ಗಿ, ಎರಡೂ ಕೈಯಲ್ಲಿ ಮಣ್ಣು ಎತ್ತಿ ಬಾಗಿಲಿಗೆ ತೂರಿ ಹೋಗ್ತಿದ್ದಳು. ಕಾಂಪೌಂಡರ್ ಸತ್ತ ಮೇಲೂ ಬಂದಳು. ಮಗಳು ಮನೆ ಬದಲಾಯಿಸಿದ್ರೆ ಹೊಸ ಮನೆ ಹುಡುಕ್ಕೊಂಡು ಬಂದಳು. ತಪ್ಪು ಅಂತೀರಾ ಅವಳದು? ಗಂಡನ ಹೆಣದ ಮೇಲಿದ್ದ ಹಾಲು ಒರೆಸಿದವಳು ಅವಳು. ಅವಳಿಗೆ ಕೊಟ್ಟಿದ್ದು ಒಂದೇ ಹೆಸರು.

ಮಗಳು ಎಷ್ಟೋ ಸಲ ಅವಳ ಕೈ ಹಿಡ್ಕೊಂಡು ಹೇಳಿದಾರೆ, ‘ನಮ್ಮಪ್ಪ ಅಲ್ಲ ಕಣಮ್ಮ’ ಅಂತ. ಆ ಮುದುಕಿ ಅಂದಿದ್ದು ಇಷ್ಟೇ. ‘ಹೆತ್ತಪ್ಪನ್ನ ಯಾವ ಮಗಳು ಬಿಟ್ಟುಕೊಡ್ತಾಳೆ ತಾಯಿ? ಬರೆದಿದ್ದು ಇದ್ರೆ ತಾ. ಓದಿಸಿ ಕೇಳ್ತೀನಿ.’

ಇದನ್ನೆಲ್ಲ ಗುಮಾಸ್ತ ಶ್ರೀಮಂತನ ಮುಂದೆ ಕೂತು ಹೇಳಿದ. ಬಸ್ ಸ್ಟ್ಯಾಂಡ್ ಹಿಂದೆ ಅಂದಾಗ ಶ್ರೀಮಂತ ಕಾಫಿ ಲೋಟ ಕೆಳಗಿಟ್ಟ. ಟೈರ್ ಅಂಗಡಿ ಅಂದಾಗ ಕನ್ನಡಕ ತೆಗೆದ. ಮಾತು ಮುಗಿದ ಮೇಲೆ ಹೇಳಿದ, ‘ಅದು ನಾನೇ ಕಣ್ರೀ.’

ಕೈದಾಟಿಸಿದ ನೂರಾರು ಗಾಡಿಗಳಲ್ಲಿ ಅದೊಂದು. ಆಗ ಕಪ್ಪು ಬಣ್ಣ ಇತ್ತು, ಗುಜರಿಯಲ್ಲಿ ಸಿಕ್ಕಿದ್ದು ಬರೀ ತುಕ್ಕು, ಗುರುತು ಸಿಕ್ಕಿರಲಿಲ್ಲ. ಗುರುಶಾಂತಯ್ಯ ಅನ್ನೋ ಹೆಸರೂ ಮರೆತಿತ್ತು. ಆದರೆ ಆ ಮನುಷ್ಯ ನೆನಪಿದ್ರು. ಚೆನ್ನಾಗಿ ನೆನಪಿದ್ರು. ಯಾಕಂದ್ರೆ ಆ ಎರಡು ಗಂಟೆ ಅವನು ಶೆಡ್ಡಿನ ಒಳಗೇ ಇದ್ದ. ತಗಡಿನ ಸಂದಿಯಿಂದ ನೋಡ್ತಾ ನಿಂತಿದ್ದ. ಅಂಥೋರು ಯಾರೂ ಇಲ್ಲ ಅಂತ ಹೇಳಿಸಿದ್ದೂ ಅವನೇ.

ನೋಡಿ, ಅವನು ಯಾರನ್ನೂ ಕೊಲ್ಲಲಿಲ್ಲ. ಕಾರು ಗುದ್ದಿದಾಗ ಅದು ಅವನ ಕೈಲಿರಲಿಲ್ಲ. ಅವನು ಮಾಡಿದ್ದು ಎರಡೇ. ಹೆಸರು ಬರೀಬೇಕಾದಲ್ಲಿ ಬರೀಲಿಲ್ಲ. ಹೊರಗೆ ಬರಬೇಕಾದಾಗ ಬರಲಿಲ್ಲ. ಇಷ್ಟು ನಾವ್ಯಾರು ಮಾಡಿಲ್ಲ ಹೇಳಿ?

ಮಾರನೇ ವಾರ ಗುಮಾಸ್ತ ಆ ಮಗಳನ್ನ ಕರ್ಕೊಂಡು ಬಂದ. ಕಾರು ಪೋರ್ಟಿಕೋದಲ್ಲೇ ನಿಂತಿತ್ತು. ಆಯಮ್ಮ ಅದರ ಕಡೆ ಒಂದು ಸಲ ನೋಡಿದ್ರು, ಮುಟ್ಟಲಿಲ್ಲ. ಶ್ರೀಮಂತ ಕೈ ಮುಗಿದ. ‘ಹೌದಮ್ಮ, ನಾನೇ ತಾಯಿ. ನಿಮ್ಮ ತಂದೆ ದೇವರಂಥೋರು’ ಅಂದ. ಅತ್ತ. ನೋಡಿ, ನಿಜವಾಗ್ಲೂ ಅತ್ತ, ನಾಟಕ ಅಲ್ಲ. ಮೂಗು ಒರೆಸಿಕೊಂಡು ಅತ್ತ. ‘ಏನು ಬೇಕು ಕೇಳಿ ತಾಯಿ, ಮನೆ ಕಟ್ಟಿಸಿಕೊಡ್ಲಾ?’ ಅಂದ.

ಆಯಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ತಾವೇ ಬರೆದಿದ್ದು, ದುಂಡು ಅಕ್ಷರ. ‘ಇಂಥ ದಿನ ಈ ಕಾರನ್ನು ಗುರುಶಾಂತಯ್ಯನವರಿಂದ ನಾನು ಕೊಂಡುಕೊಂಡೆ. ಅಪಘಾತದ ದಿನ ಕಾರು ಅವರದಾಗಿರಲಿಲ್ಲ.’ ಅಷ್ಟೇ. ಎರಡೇ ಸಾಲು.

‘ಮನೆ ಬೇಡ ಯಜಮಾನ್ರೇ. ಇದನ್ನ ಪೂರ್ತಿ ಓದಿ ಸಹಿ ಹಾಕಿ. ನಮ್ಮಪ್ಪ ಓದದೇ ಹಾಕಿದ್ರು, ನೀವು ಓದಿ ಹಾಕಿ. ಆ ಮುದುಕಿಗೆ ಎಂಬತ್ತಮೂರು. ಅವಳು ಹೋಗೋದ್ರೊಳಗೆ ಓದಿ ಕೇಳಿಸಬೇಕು. ನಮ್ಮಪ್ಪನ ಹೆಸರು ಹಿಡಿದು ಶಪಿಸ್ತಾ ಅವಳು ಕಣ್ಣು ಮುಚ್ಚಬಾರದು. ನನಗೆ ಬೇಕಾಗಿರೋದು ಅಷ್ಟೇ.’

ಗುಮಾಸ್ತನೂ ಹೇಳಿದ, ‘ಇಷ್ಟು ವರ್ಷದ ಮೇಲೆ ನಿಮ್ಮನ್ನ ಯಾರೂ ಏನೂ ಮಾಡಲ್ಲ ಯಜಮಾನ್ರೇ. ಹಾಕಿ.’

ಶ್ರೀಮಂತ ಪೆನ್ನು ಕೈಗೆ ತಗೊಂಡ. ಓದಿದ. ಇನ್ನೊಂದು ಸಲ ಓದಿದ. ಪೆನ್ನು ಕೆಳಗಿಟ್ಟ.

‘ಬಾಯಲ್ಲಿ ಎಷ್ಟು ಸಲ ಬೇಕಾದ್ರೂ ಹೇಳ್ತೀನಮ್ಮ. ಕಾಗದದಲ್ಲಿ ಬೇಡ. ಮೊಮ್ಮಕ್ಕಳಿದಾರೆ. ಊರಲ್ಲಿ ಒಂದು ಹೆಸರಿದೆ.’

ಆಯಮ್ಮ ಹಾಳೆ ಮಡಚಿ ಚೀಲಕ್ಕೆ ಹಾಕ್ಕೊಂಡ್ರು. ‘ನಮ್ಮಪ್ಪನಿಗೂ ಇತ್ತು’ ಅಂದ್ರು. ಹೋದ್ರು.

ಮುಗೀತು ಅಂದ್ಕೊಂಡ್ರಾ? ಪ್ರದರ್ಶನದ ದಿನ ಬಂತು. ಬೋರ್ಡು ಬರೆಸಬೇಕಲ್ಲ! ಕೊಂಡಿ ತಪ್ಪಬಾರದಲ್ಲ! ಬರೆಸಿದ. ‘ನಾಲ್ಕನೆಯ ಮಾಲೀಕರು: ಕಾಂಪೌಂಡರ್ ಗುರುಶಾಂತಯ್ಯ. ಇವರ ಅವಧಿಯಲ್ಲಿ ಒಂದು ಅಪಘಾತ ಸಂಭವಿಸಿ ಕಾರು ಪೊಲೀಸರ ವಶಕ್ಕೆ ಹೋಯಿತು.’ ಹೀಗೆ ಬರೆದು ಚೌಕಟ್ಟು ಹಾಕಿಸಿ, ಹೂವಿನ ಕುಂಡಗಳ ನಡುವೆ ನಿಲ್ಲಿಸಿದ. ತೀರ್ಪುಗಾರರು ಓದಿ ತಲೆದೂಗಿದ್ರು. ಅಪಘಾತವನ್ನೂ ಮುಚ್ಚಿಡದೆ ಬರೆದಿದಾರೆ, ಎಂಥ ಪ್ರಾಮಾಣಿಕತೆ ಅಂತ ಮೈಕಿನಲ್ಲಿ ಹೊಗಳಿದ್ರು. ಮೊದಲನೇ ಬಹುಮಾನ! ಶಾಲು, ಹಾರ, ಫೋಟೋ. ಪೇಪರಿನವರು ಬೋರ್ಡಿನಲ್ಲಿದ್ದ ಅಷ್ಟೂ ಹೆಸರುಗಳನ್ನ ಹಾಗೇ ಅಚ್ಚು ಹಾಕಿದ್ರು.

ಆ ಪೇಪರು ಹಾಲಿನವನ ಮನೆಗೂ ಹೋಯ್ತು. ಮೊಮ್ಮಗ ಅಜ್ಜಿಗೆ ಓದಿ ಹೇಳಿದ. ಬರೆದಿದ್ದು ತಾ, ಓದಿಸಿ ಕೇಳ್ತೀನಿ ಅಂದಿದ್ದಳಲ್ಲ ಮುದುಕಿ? ಬಂತು ಬರೆದಿದ್ದು. ಅಚ್ಚಾಗಿ, ಚಿತ್ರದ ಸಮೇತ ಬಂತು. ಕಾಲು ಸೋತು ಹನ್ನೆರಡು ವರ್ಷದಿಂದ ಅವಳು ಮಣ್ಣು ತೂರೋಕೆ ಹೋಗಿರಲಿಲ್ಲ. ಅವತ್ತು ಆಟೋ ಮಾಡಿಸ್ಕೊಂಡು ಕಾಂಪೌಂಡರ್ ಮಗಳ ಬಾಗಿಲಿಗೆ ಬಂದಳು. ಮೊಮ್ಮಗ ರಟ್ಟೆ ಹಿಡಿದು ಇಳಿಸಿದ. ಬಗ್ಗೋಕಾಗಲಿಲ್ಲ. ನೆಲದ ಮೇಲೇ ಕೂತಳು. ಕೂತು, ಕೆರೆದು ಕೆರೆದು ಹಿಡಿ ಮಣ್ಣು ತೆಗೆದು ತೂರಿದಳು. ‘ಸುಳ್ಳು ಹೇಳಿದೆಯಲ್ಲೇ ಇಷ್ಟು ವರ್ಷ. ನಾನು ಅರ್ಧ ನಂಬಿದ್ದೆ ಕಣೇ ನಿನ್ನ’ ಅಂದಳು.

ಹದಿನೈದು ದಿನಕ್ಕೆ ಆ ಮುದುಕಿ ಸತ್ತಳು. ಅರ್ಧ ನಂಬಿದ್ದನ್ನೂ ಕಳ್ಕೊಂಡು ಸತ್ತಳು. ಮಗಳ ಚೀಲದಲ್ಲಿ ಆ ಹಾಳೆ ಇದೆ ಇನ್ನೂ, ಓದಿಸಿ ಕೇಳೋರಿಲ್ಲ.

ಈಗ ನೀವು ಕೇಳ್ತೀರಿ, ‘ಸ್ವಾಮಿ, ಆ ಶ್ರೀಮಂತನಿಗೆ ಏನಾಯ್ತು?’ ನನಗೆ ಗೊತ್ತು, ಅದಕ್ಕೇ ಕಾಯ್ತಾ ಕೂತಿದೀರಿ. ಲಕ್ವ ಹೊಡೀಬೇಕು ಅವನಿಗೆ, ಮಗ ಹಾಳಾಗಬೇಕು, ಕಾರಿಗೆ ಬೆಂಕಿ ಬೀಳಬೇಕು. ಆಮೇಲೆ ನೀವು ‘ಸರಿಯಾಯ್ತು’ ಅಂತ ಎದ್ದು ಪ್ರಸಾದದ ಸಾಲಿಗೆ ಹೋಗಬೇಕು. ಏನೂ ಆಗಲಿಲ್ಲ. ಚೆನ್ನಾಗಿದಾನೆ. ಬೀಪಿ ಸಕ್ಕರೆ ಎರಡೂ ಇಲ್ಲ. ಪ್ರವಚನಗಳಿಗೆ ಹೋಗ್ತಾನೆ, ಮುಂದಿನ ಸಾಲಲ್ಲಿ ಕೂರ್ತಾನೆ, ಕರುಣೆಯ ಪ್ರಸಂಗ ಬಂದ್ರೆ ಅಳ್ತಾನೆ. ಏ, ಯಾಕ್ರೀ ಪಕ್ಕದವರ ಮುಖ ನೋಡ್ಕೋತಿದೀರಿ? ಅವನು ಇಲ್ಲಿಲ್ಲ. ಇಲ್ಲಿರೋರು ನೀವು.

ನಿಮ್ಮಲ್ಲೂ ಕಣ್ಣು ಒರೆಸಿಕೊಂಡವರನ್ನ ಈಗ ನೋಡಿದೆ. ಒರೆಸಿಕೊಳ್ಳಿ, ಬೇಡ ಅನ್ನಲ್ಲ. ಅವನೂ ಅತ್ತಿದ್ದ ಅಲ್ವಾ? ಆ ಅಳುವಿನಿಂದ ಒಂದು ಹಿಡಿ ಮಣ್ಣು ತಡೆಯೋಕಾಯ್ತಾ? ಸಹಿ ಹಾಕಿದ್ದರೆ ಸಾಕಿತ್ತು. ಒಣಗಿದ ಕಣ್ಣಲ್ಲೇ ಹಾಕಿದ್ರೂ ಸಾಕಿತ್ತು.

ಫ್ಯಾಕ್ಟರಿಯಲ್ಲಿ ಮಾಲು ಕೆಟ್ಟಿತು. ಕೆಡಿಸಿದ್ದು ನೀವು, ಬೈಸಿಕೊಂಡಿದ್ದು ಗುತ್ತಿಗೆಯ ಆಳು. ಆಗ ನೀವೆಲ್ಲಿದ್ರಿ? ತಗಡಿನ ಸಂದಿಯಲ್ಲಿ. ಮನೆಯಲ್ಲಿ ಅತ್ತೆಯ ಓಲೆ ಕಾಣಲ್ಲ ಅಂತ ಕೆಲಸದವಳನ್ನ ಬಿಡಿಸಿದ್ರಿ. ವಾರ ಬಿಟ್ಟು ಓಲೆ ದಿಂಬಿನ ಚೀಲದಲ್ಲಿ ಸಿಕ್ತು. ಅವಳ ಮನೆಗೆ ಹೋಗಿ ‘ತಪ್ಪು ನಮ್ಮದು’ ಅಂತ ಹೇಳಿದ್ರಾ? ಅಥವಾ ‘ಪಾಪ, ಒಳ್ಳೆಯವಳು’ ಅಂತ ಅಡುಗೆ ಮನೆಯಲ್ಲೇ ಹೇಳಿಕೊಂಡು ಸುಮ್ಮನಾದ್ರಾ? ಅವಳ ಹೆಸರು ಹೊರಗೆ ಬೀದಿಯಲ್ಲಿ ಓಡಾಡ್ತಿದೆ, ತಾಯಿ. ನಿಮ್ಮ ಪಶ್ಚಾತ್ತಾಪ ಒಳಗೆ ಒಲೆ ಮುಂದೆ ಕೂತಿದೆ.

ನಾನು ಸಾಚಾ ಅಂತ ಹೇಳ್ತಿಲ್ಲ. ನಮ್ಮ ಮಠದ ಬೀರುವಿನಲ್ಲೇ ಒಂದು ಕಾಗದ ಇತ್ತು. ಅಡುಗೆ ಭಟ್ಟನ ಸಹಿ, ಮೇಲೆಲ್ಲ ಖಾಲಿ. ಕೆಲಸಕ್ಕೆ ಸೇರಿದಾಗ ಬರೆಸಿಟ್ಟುಕೊಂಡಿದ್ದು, ‘ಇರಲಿ, ಮುಂದೆ ಬೇಕಾದೀತು’ ಅಂತ. ಹತ್ತು ವರ್ಷ ಇತ್ತು. ಅವನು ಮಾಡಿದ ಸಾರು ಉಣ್ತಾ ಇದ್ದೆ, ಅವನ ಕುತ್ತಿಗೆ ನನ್ನ ಬೀರುವಿನಲ್ಲಿತ್ತು. ಈ ಕಥೆ ಹೇಳಬೇಕು ಅಂತ ಕೂತಾಗ ಅದು ನೆನಪಾಯ್ತು, ನಾಚಿಕೆ ಆಯ್ತು. ಇವತ್ತು ಬೆಳಿಗ್ಗೆ ಅವನ ಕೈಗೆ ಕೊಟ್ಟೆ. ಅವನು ಅದನ್ನ ನೋಡಿ ‘ಬುದ್ಧೀ, ಇದು ಇನ್ನೂ ಇತ್ತಾ?’ ಅಂದ. ಹತ್ತು ವರ್ಷವೂ ಅವನು ಅದನ್ನ ಮರೆತಿರಲಿಲ್ಲ. ನಾನು ಮರೆತಿದ್ದೆ.

ಅದಕ್ಕೇ ಇವತ್ತು ದೊಡ್ಡ ವ್ರತ ಏನೂ ಹೇಳಲ್ಲ. ಮನೆಗೆ ಹೋಗಿ. ಊಟಕ್ಕೆ ಕೂರೋ ಮುಂಚೆ ಬೀರು ತೆಗೀರಿ. ಬಾಡಿಗೆಯವನದೋ, ತಮ್ಮನದೋ, ಆಳಿನದೋ ಸಹಿ ಹಾಕಿದ ಖಾಲಿ ಹಾಳೆ ಇದ್ರೆ ಹೊರಗೆ ತೆಗೀರಿ. ನೀವೇ ಹರಿದು ಪುಣ್ಯ ಕಟ್ಕೋಬೇಡಿ, ಅವರ ಕೈಗೆ ಕೊಡಿ, ಅವರು ಹರೀಲಿ. ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಲ್ಲಿದ್ದರೆ, ಕೊಂಡ ಗಾಡಿ ಇನ್ನೊಬ್ಬರ ಹೆಸರಲ್ಲಿದ್ದರೆ ಸೋಮವಾರ ಆಫೀಸು ತೆಗೆದ ಕೂಡಲೇ ಹೋಗಿ ನಿಲ್ಲಿ. ಇನ್ನು, ನಿಮ್ಮ ತಪ್ಪನ್ನ ಹೊತ್ತು ತಿರುಗ್ತಿರೋರು ಒಬ್ಬರು ಇದ್ದೇ ಇರ್ತಾರೆ. ಯಾರು ಅಂತ ನಾನು ಹೇಳೋದು ಬೇಡ, ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿದೆ, ನಿಮ್ಮ ಮುಖಗಳೇ ಹೇಳ್ತಿವೆ. ಅವರ ಮನೆಗೆ ಹೋಗಿ. ಫೋನಿನಲ್ಲಿ ಬೇಡ, ಒಬ್ಬರೇ ಇದ್ದಾಗ ಗುಟ್ಟಾಗಿಯೂ ಬೇಡ. ನಾಲ್ಕು ಜನ ಅವರನ್ನ ಬೈದ ಜಾಗದಲ್ಲೇ, ಆ ನಾಲ್ಕು ಜನರ ಮುಂದೆ ನಿಂತು, ‘ಅದನ್ನ ಮಾಡಿದ್ದು ನಾನು’ ಅಂತ ಹೇಳಿ.

ಅವರು ಬದುಕಿರುವಾಗ ಹೇಳಿ. ಪ್ರಸಾದ ಇಲ್ಲೇ ಇರುತ್ತೆ, ತಣ್ಣಗಾದ್ರೆ ಬಿಸಿ ಮಾಡಿಸ್ತೀನಿ. ಮೊದಲು ಅಲ್ಲಿಗೆ ಹೋಗಿಬನ್ನಿ. ಏಳಿ.